ಅಂಗೈ ಕೆಳಗಿನ ಅಂಗೈ

ಇವತ್ತು ಸೋಮವಾರ. ಇವತ್ತು ಹೇಳದಿದ್ದರೆ ನಾಳೆಯೂ ಇದೇ ಬಸ್ಸು, ಇದೇ ಕಿಟಕಿ. ಹರಿಹರದಿಂದ ದಾವಣಗೆರೆಗೆ ಹೊರಟ ನಸುಕಿನ ಬಸ್ಸಿನಲ್ಲಿ ಹುಲಿಗೆಮ್ಮನವರು ಹೇಳಬೇಕಾದ ಮಾತನ್ನು ಮನಸ್ಸಿನೊಳಗೇ ಜೋಡಿಸುತ್ತಾರೆ, ಸರಿಹೋಗಲಿಲ್ಲವೆಂದು ಕೆಡವುತ್ತಾರೆ, ಮತ್ತೆ ಜೋಡಿಸುತ್ತಾರೆ. ಕಂಡಕ್ಟರ್ ಚಿಲ್ಲರೆ ಕೊಡಲು ಮರೆತರೂ ಕೇಳದೆ ಇಳಿದು ಹೋಗುವ ಹೆಂಗಸು ಇವರು. ಇವತ್ತಾದರೂ ನನಗೆ ಬಾಯಿ ಬರುತ್ತದೋ ಇಲ್ಲವೋ ಎಂಬುದೇ ಇವರ ಚಿಂತೆ. ಬಸ್ಸು ದೊಡ್ಡಬಾತಿ ದಾಟುವ ಹೊತ್ತಿಗೆ ಜೋಡಿಸಿದ್ದೆಲ್ಲ ಚೆದುರಿ, ಮನಸ್ಸು ಆಗಲೇ ನಿಜಲಿಂಗಪ್ಪ ಬಡಾವಣೆಯ ಆ ಮನೆಯ ಬಿಸಿನೀರಿನ ಕಡೆಗೆ ಹೋಗಿರುತ್ತದೆ.

ಆ ಮನೆಯ ಹಿರಿಯರು ಗುರುಶಾಂತಮ್ಮ. ಎಂಬತ್ತು ದಾಟಿದವರು. ಕೆಲವು ವರ್ಷಗಳ ಹಿಂದೆ ಲಕ್ವ ಹೊಡೆದು ಅವರ ಎಡಗೈ ಬಿದ್ದುಹೋಗಿದೆ. ನಾಲಿಗೆ ಮಾತ್ರ ಚುರುಕು. ಹುಲಿಗೆಮ್ಮ ಅವರಿಗೆ ಸ್ನಾನ ಮಾಡಿಸಿ, ಸೀರೆ ಉಡಿಸಿ, ಗೋಡೆಗೆ ದಿಂಬು ಒತ್ತಿ ಕೂರಿಸುತ್ತಾರೆ. ಆಮೇಲೆ ತಮ್ಮ ಎರಡೂ ಅಂಗೈಗಳನ್ನು ಗಸಗಸ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ಅಜ್ಜಿಯ ಮಗ್ಗುಲಿಗೆ ಕೂತು, ಸೋತ ಆ ಎಡಗೈಯನ್ನು ಮೆಲ್ಲಗೆ ಎತ್ತಿ, ಅದರ ಕೆಳಗೆ ತಮ್ಮ ಎಡಗೈ ಹಿಡಿಯುತ್ತಾರೆ. ಸೊಸೆ ವಾಣಿ ಬೆಳ್ಳಿಯ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಅತ್ತೆಯ ಅಂಗೈ ಮೇಲೆ ಇಡುತ್ತಾರೆ. ಇನ್ನು ಮಾತಿಲ್ಲ. ಬಲಗೈಯಿಂದ ನೀರೆರೆಯುವುದು, ವಿಭೂತಿ ಇಡುವುದು, ಪತ್ರೆ ಏರಿಸುವುದು, ಕಣ್ಣು ಕೀಲಿಸಿ ಕೂರುವುದು. ಅಷ್ಟು ಹೊತ್ತೂ ಕೆಳಗಿನ ಕೈ ಅಲುಗುವಂತಿಲ್ಲ.

ಲಿಂಗಪೂಜೆಯಾಗದೆ ಗುರುಶಾಂತಮ್ಮ ಗುಟುಕು ನೀರೂ ಕುಡಿಯುವುದಿಲ್ಲ. ಮದುವೆಯಾಗಿ ಬಂದ ದಿನದಿಂದ ನಡೆದು ಬಂದದ್ದು. ಲಕ್ವ ಹೊಡೆದು ಆಸ್ಪತ್ರೆಯಿಂದ ಮನೆಗೆ ಬಂದಾಗ, ಪೀಠದ ಮೇಲಿಟ್ಟು ಪೂಜೆ ಮಾಡಿರೆಂದು ಎಲ್ಲರೂ ಹೇಳಿ ನೋಡಿದರು. ಅವರು ಮುಖ ತಿರುಗಿಸಿದರು. ವಾಣಿ ಕೈ ಹಿಡಿದರೆ, ಲಿಂಗ ಎಲ್ಲಿ ಜಾರೀತೋ ಎಂಬ ಭಯಕ್ಕೆ ಅವರ ಕೈಯೇ ನಡುಗುತ್ತಿತ್ತು. ಎ.ಪಿ.ಎಂ.ಸಿ.ಯಲ್ಲಿ ದಲ್ಲಾಳಿ ಅಂಗಡಿ ಇಟ್ಟಿರುವ ಮಗ ಮಹಾಂತೇಶ್ ಕೂತರೆ ಅಜ್ಜಿಗೆ ಅದೂ ಒಗ್ಗಲಿಲ್ಲ. "ಇವನು ಮೆಕ್ಕೆಜೋಳ ತೂಗೋರಂಗೆ ಹಿಡೀತಾನೆ. ನನ್ನ ಕಣ್ಣು ಲಿಂಗದ ಮ್ಯಾಲೆ ಇರಬಕೋ, ಇವನ ತಕ್ಕಡಿ ಮ್ಯಾಲೆ ಇರಬಕೋ" ಎಂದು ಎಬ್ಬಿಸಿ ಕಳಿಸಿದರು. ಸ್ನಾನ ಮಾಡಿಸಲೆಂದು ಬಂದ ಆಯಾ ಹುಲಿಗೆಮ್ಮ ಒಂದು ದಿನ ಸುಮ್ಮನೆ ಕೈ ಕೊಟ್ಟರು. ಅಂದಿನಿಂದ ಆ ಜಾಗ ಅವರದು.

ಲಿಂಗ ಕಟ್ಟದವರ ಕೈ ಅಲ್ಲಿರಬಹುದೇ ಎಂದು ನೆಂಟರೊಬ್ಬರು ಕ್ಯಾತೆ ತೆಗೆದಿದ್ದರಂತೆ. ಅಜ್ಜಿ ಅವರನ್ನು ಕೂರಿಸಿಕೊಂಡು ಹೇಳಿದ್ದು ಓಣಿಗೆಲ್ಲ ಗೊತ್ತು. "ಲಿಂಗ ನನ್ನ ಅಂಗೈ ಮ್ಯಾಲೈತೆ. ನನ್ನ ಕೈ ಯಾರ ಕೈ ಮ್ಯಾಲಿದ್ರೆ ನಿಮಗೇನು? ನೀವೇ ದಿನಾ ಬರ್ತೀರೇನು, ಬರ್ರಿ." ನೆಂಟರು ಚಹಾ ಕುಡಿದು ಎದ್ದರು.

ಹುಲಿಗೆಮ್ಮನಿಗೆ ಈಗ ಐವತ್ತರ ಮೇಲೆ. ಗಂಡ ಭರಮಣ್ಣ ಹಮಾಲಿ ಮಾಡುತ್ತಿದ್ದರು, ಎದೆನೋವಿಗೆ ಹೋಗಿಬಿಟ್ಟರು. ಇದ್ದೊಬ್ಬ ಮಗಳನ್ನು ರಾಣೆಬೆನ್ನೂರಿಗೆ ಕೊಟ್ಟಾಗಿದೆ. ಮೊದಲು ನರ್ಸಿಂಗ್ ಹೋಮೊಂದರಲ್ಲಿ ಆಯಾ ಆಗಿದ್ದರು. ಅಲ್ಲಿಂದ ಮನೆಮನೆಗೆ ಹೋಗಿ ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವ ಕೆಲಸ ತಾನಾಗಿ ಕೂಡಿಬಂತು. ದೇವರಾಜ ಅರಸು ಬಡಾವಣೆಯಲ್ಲಿ ಒಬ್ಬರು ನಿವೃತ್ತ ಮೇಷ್ಟರಿದ್ದರು, ಅವರಿಗೆ ದಿನಾ ಪೇಪರು ಓದಿ ಹೇಳಬೇಕು. ಹುಲಿಗೆಮ್ಮನಿಗೆ ಓದು ಬಾರದು. ಕೊನೆಗೆ ಮೇಷ್ಟರೇ ಭೂತಗನ್ನಡಿ ಹಿಡಿದು ಇವರಿಗೆ ಓದಿ ಹೇಳತೊಡಗಿದರು, ನಡುನಡುವೆ ಪ್ರಶ್ನೆಯನ್ನೂ ಕೇಳುತ್ತಿದ್ದರು. ಉತ್ತರ ತಪ್ಪಿದ ದಿನ ಮಾತ್ರೆ ನುಂಗುವುದಿಲ್ಲ ಎಂದು ಹಟ. ಎಂ.ಸಿ.ಸಿ. ಬಡಾವಣೆಯ ಇನ್ನೊಬ್ಬ ಅಜ್ಜಿ ಸಂಜೆಯಾದರೆ ಸಾಕು, ತವರಿಗೆ ಹೋಗಬೇಕೆಂದು ಸೀರೆ ಮಡಚುತ್ತಿದ್ದರು. ಹುಲಿಗೆಮ್ಮ ಅವರ ಜೊತೆ ಗೇಟಿನವರೆಗೆ ನಡೆದು, ಬಸ್ಸು ಹೋಗಿಬಿಟ್ಟಿತೆಂದು ಕರೆದುಕೊಂಡು ಬರುತ್ತಿದ್ದರು.

"ವಯಸ್ಸಾದೋರು ದೇವರು ದೇವರು ಅಂತಾರೆ ಅಂತ ನಾವು ಅನ್ಕಂತೀವಿ. ನಾ ನೋಡಿದಂಗೆ ಅವ್ರು ಕೇಳೋದು ದಿನಾ ಮಾಡ್ಕಂಡು ಬಂದ ಕೆಲಸಾನ. ಅದು ಕೈ ಬಿಟ್ರೆ ತಾವ್ಯಾರು ಅನ್ನೋದೇ ತಿಳೀದಂಗೆ ಆಗ್ತೈತೆ ನೋಡ್ರಿ" ಎನ್ನುತ್ತಾರೆ ಹುಲಿಗೆಮ್ಮ. ಇಷ್ಟು ಹೇಳಿ, ಜಾಸ್ತಿ ಮಾತಾಡಿಬಿಟ್ಟೆನೇನೋ ಎಂಬಂತೆ ಸೆರಗಿನ ತುದಿ ಸರಿಮಾಡಿಕೊಳ್ಳುತ್ತಾರೆ.

ಇದನ್ನು ಅವರು ಕಲಿತದ್ದು ಪರರ ಮನೆಗಳಲ್ಲಿ ಮಾತ್ರವಲ್ಲ. ಹರಿಹರದಲ್ಲಿ, ಹೊಳೆಯ ಕಡೆಗಿರುವ ಓಣಿಯಲ್ಲಿ, ಅವರ ತಾಯಿ ಕೆಂಚವ್ವ ಇದ್ದಾರೆ.

ಕೆಂಚವ್ವನಿಗೆ ಮರೆವು ಹತ್ತಿದೆ. ಆದರೆ ಇಡೀ ದಿನ ಅಲ್ಲ. ಬೆಳಗ್ಗೆ ಎದ್ದಾಗ ಎಲ್ಲ ನಿಚ್ಚಳ. ಹೆಸರು, ಊರು, ಸತ್ತವರು, ಇದ್ದವರು, ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡರು ಎಂಬುದೂ ನೆನಪಿರುತ್ತದೆ. ಹೊತ್ತು ನೆತ್ತಿಗೆ ಬಂದಂತೆ ಒಂದೊಂದೇ ಕಳಚುತ್ತದೆ. ಮಗಳು ಬಸ್ಸು ಹತ್ತುವಾಗ ತಾಯಿಗೆ ಇನ್ನೂ ನಿದ್ದೆ. ದೀಪ ಹಚ್ಚುವ ಹೊತ್ತಿಗೆ ಮಗಳು ಮರಳಿ ಬಂದರೆ, ಗೋಡೆಗೆ ಒರಗಿ ಕೂತ ಕೆಂಚವ್ವ ತಲೆಯೆತ್ತಿ, "ಯಾರವ್ವಾ ನೀನು, ಯಾರ ಮನಿಯಾಕಿ" ಎಂದು ಮರ್ಯಾದೆಯಿಂದ ಕೇಳುತ್ತಾರೆ. ಹುಲಿಗೆಮ್ಮ ತಮ್ಮ ಹೆಸರು ಹೇಳುತ್ತಾರೆ. ನಮ್ಮ ಮಗಳ ಹೆಸರೂ ಅದೇ ಎಂದು ತಾಯಿ ಸಂತೋಷಪಡುತ್ತಾರೆ.

ತಾಯಿಯ ಬೆಳಗನ್ನು ಕಾಣುವವಳು ಎದುರು ಮನೆಯ ಅಂಜುಮ್. ಹಗಲು ಕೆಂಚವ್ವನ ಮೇಲೆ ಕಣ್ಣಿಟ್ಟಿರುವವಳು ಅವಳೇ. ಸಂಜೆ ಹುಲಿಗೆಮ್ಮ ಚಪ್ಪಲಿ ಬಿಡುವ ಮುಂಚೆಯೇ ಬಂದು ವರದಿ ಒಪ್ಪಿಸುತ್ತಾಳೆ: ಇವತ್ತು ಅಜ್ಜಿ ನಿನ್ನ ಹೆಸರು ಹಿಡಿದು ಕೇಳಿದರು, ನಿನಗೆ ಹಲ್ಲು ಬಂದಾಗಿನ ಕತೆ ಹೇಳಿದರು, ನಿನ್ನ ಗಂಡನ ಬೀಡಿ ಚಟವನ್ನು ಬೈದರು. ಹುಲಿಗೆಮ್ಮ ಅಷ್ಟನ್ನೂ ನಿಂತಲ್ಲೇ ಕೇಳಿಸಿಕೊಳ್ಳುತ್ತಾರೆ. ತಮ್ಮ ತಾಯಿ ಹೀಗೀಗೆ ಮಾತಾಡಿದರು ಎಂದು ಇನ್ನೊಬ್ಬರ ಬಾಯಿಂದ ತಿಳಿಯುವುದು, ಹಸಿದವರು ಬೇರೆಯವರ ಮನೆಯ ಒಗ್ಗರಣೆ ವಾಸನೆ ಕುಡಿದಂತೆ.

ಹೋದ ಮಂಗಳವಾರ ಅಂಜುಮ್ ಹೇಳಿದ್ದು ಬೇರೆ. ಕೆಂಚವ್ವನ ಮನೆದೇವರು ಹುಲಿಗೆಮ್ಮ, ಮಗಳಿಗಿಟ್ಟ ಹೆಸರೂ ಅದೇ. ವರ್ಷಕ್ಕೊಮ್ಮೆ ಮಾರ್ನಮಿಗೆ ಮುಂಚೆ, ಒಂದು ಮಂಗಳವಾರವೋ ಶುಕ್ರವಾರವೋ, ಮಿಂದು ಉಪವಾಸದಲ್ಲೇ ದೇವಿಯ ಬುಟ್ಟಿ, ಪಡ್ಲಿಗೆ ಹಿಡಿದು ಐದು ಮನೆ ಜೋಗ ಬೇಡಬೇಕು. ಆ ಐದು ಮನೆಯ ಕಾಳು ಕೂಡಿಸಿ ಬೇಯಿಸಿ ಎಡೆ ಇಡಬೇಕು. ಮಗಳು ಲಂಗ ಉಡುವ ವಯಸ್ಸಿನಿಂದ ತಾಯಿಯ ಜೊತೆ ಹೋದವಳು. ಈ ಕೆಲಸ ಹಿಡಿದ ಮೇಲೆ ಅದು ತಪ್ಪಿಹೋಗಿತ್ತು, ತಾಯಿ ಮರೆತಿದ್ದಾರೆ ಎಂದೇ ಎಲ್ಲರೂ ತಿಳಿದಿದ್ದರು.

"ಅಕ್ಕಾ, ಮುಂಜಾನೆ ತಲೆ ಒದ್ದೆ ಮಾಡ್ಕಂಡು, ಬುಟ್ಟಿ ಹಿಡ್ಕಂಡು ನಮ್ಮ ಬಾಗ್ಲಿಗೆ ನಿಂತಿದ್ರು" ಎಂದಳು ಅಂಜುಮ್. "ಉಧೋ ಅಂದ್ರು. ನಾ ಒಂದು ಬೊಗಸೆ ಜೋಳ ಹಾಕ್ದೆ. ಒಂದು ಮನಿ ಆತು, ಇನ್ನ ನಾಲ್ಕು ಅದಾವೆ, ನಮ್ಮ ಹುಲಿಗಿ ಬರ್ಲಿ ಅಂತ ಕಟ್ಟೆ ಮ್ಯಾಲೆ ಕುಂತ್ರು."

ನಾನು ಕರೆದುಕೊಂಡು ಹೋಗುತ್ತೇನೆ ಬಾ ಎಂದಳಂತೆ ಅಂಜುಮ್. ದೇವಿಯ ಹೆಸರಿನವಳೇ ಜೊತೆಗಿರಬೇಕು ಎಂದರಂತೆ ಕೆಂಚವ್ವ. ಬಿಸಿಲೇರುವ ತನಕ ಕಾದು, ಆಮೇಲೆ ಯಾಕೆ ಕೂತೆನೆಂಬುದೇ ಮರೆತು ಒಳಗೆ ಹೋದರಂತೆ. ಶುಕ್ರವಾರ ಮತ್ತೆ ಮಿಂದು ಬಂದು ಕೂತರು, ಮತ್ತೆ ಮರೆತು ಎದ್ದರು. ಪಡ್ಲಿಗೆ ದೇವರ ಮೂಲೆಯಲ್ಲಿದೆ. ಅದರಲ್ಲಿ ಅಂಜುಮ್ ಹಾಕಿದ ಒಂದು ಬೊಗಸೆ ಜೋಳ. ಮುಗಿಯದ ಜೋಗದ ಕಾಳನ್ನು ಬೇಯಿಸುವಂತೆಯೂ ಇಲ್ಲ, ಚೆಲ್ಲುವಂತೆಯೂ ಇಲ್ಲ. ನಾಳೆ ಮಂಗಳವಾರ.

ಒಂದು ದಿನದ ರಜೆ, ಕೇಳಿದರೆ ಕೊಡದಿರುವ ಮನೆಯಲ್ಲ. ಆದರೆ ಒಮ್ಮೆ ಜ್ವರ ಬಂದು ಹುಲಿಗೆಮ್ಮ ಬರಲಾಗದ ದಿನ ಗುರುಶಾಂತಮ್ಮ ಮಧ್ಯಾಹ್ನದವರೆಗೆ ಒಣಬಾಯಿಯಲ್ಲಿ ಕೂತು, ಕಣ್ಣು ಕತ್ತಲೆ ಬಂದು ವಾಲಿದ್ದರು. ಡಾಕ್ಟರು ಮನೆಗೇ ಬಂದು ಗ್ಲೂಕೋಸ್ ಏರಿಸಬೇಕಾಯಿತು. ಮಾರನೆಯ ದಿನ ವಾಣಿ ಅತ್ತೇ ಬಿಟ್ಟರು. ಹೀಗೆ ಇಬ್ಬರು ಮುದುಕಿಯರು, ಇಬ್ಬರದೂ ಖಾಲಿ ಹೊಟ್ಟೆ, ಬೆಳಗಿನ ಅದೇ ಹೊತ್ತು, ನಡುವೆ ಇರುವುದು ಒಬ್ಬಳೇ ಹೆಂಗಸು.

ಇದರ ಮೇಲೆ ಇನ್ನೊಂದು ತೊಡಕಿದೆ. ಹುಲಿಗೆಮ್ಮ ಕೆಲಸಕ್ಕೆ ಸೇರಿದ ಮೊದಲ ವರ್ಷ, ಮಾರ್ನಮಿ ಅಮಾವಾಸ್ಯೆಗೆ ಮನೆಯಲ್ಲಿ ಹಿರಿಯರ ಹಬ್ಬ ನಡೆಯಿತು. ಗುರುಶಾಂತಮ್ಮ ಒಂದು ಡಬ್ಬಿ ಹೋಳಿಗೆ, ಬಾಟಲಿಯಲ್ಲಿ ತುಪ್ಪ ಕೊಡಿಸಿ, ನಿನ್ನ ಗಂಡನ ಹೆಸರಿಗೆ, ನಿಮ್ಮವ್ವನ ಹೆಸರಿಗೆ ಎಡೆ ಹಿಡಿ ಎಂದರು. ಈ ವಯಸ್ಸಿನವಳಿಗೆ ತಾಯಿ ಇರಲಾರಳೆಂದು ಅವರೇ ತಿಳಿದುಕೊಂಡದ್ದು. ಮನೆ ತುಂಬ ನೆಂಟರಿದ್ದರು. ಕೈಯಲ್ಲಿ ಬಿಸಿ ಡಬ್ಬಿ. ಆ ಗದ್ದಲದಲ್ಲಿ ಅವ್ವ ಇನ್ನೂ ಇದ್ದಾಳೆ ಎನ್ನಲು ಹುಲಿಗೆಮ್ಮನಿಗೆ ಬಾಯಿ ಬರಲಿಲ್ಲ. ಆಮೇಲೆ ವರ್ಷ ವರ್ಷವೂ ಡಬ್ಬಿ ಬಂತು. ಪ್ರತಿ ವರ್ಷವೂ ಅದನ್ನು ಸತ್ತವರಿಗಿಡುವ ಬದಲು ಕೆಂಚವ್ವನೇ ತುಪ್ಪ ಸುರಿದುಕೊಂಡು ತಿಂದರು. ಯಾರ ಮನೆಯದೋ ಏನೋ, ಕೈಗುಣ ಚೆನ್ನಾಗಿದೆ ಎಂದು ಹೊಗಳಿದರು ಕೂಡ. ಹೇಳುವಾಗ ಹುಲಿಗೆಮ್ಮನಿಗೆ ನಗು ಬರುತ್ತದೆ. "ಇರೋ ತಾಯಿನ ಇಲ್ಲ ಅನ್ಸಿ ಊಟ ತಂದಿಟ್ಟೆ. ಆದ್ರೆ ತಿಂತಿದ್ದಾಗ ಆಕಿ ಮುಖ ನೋಡಬಕಿತ್ತು ನೀವು."

ಈ ಸೋಮವಾರವೂ ಪೂಜೆ ಎಂದಿನಂತೆ ಮುಗಿಯುತ್ತದೆ. ಲಿಂಗ ಕರಡಿಗೆ ಸೇರುತ್ತದೆ. ಗುರುಶಾಂತಮ್ಮ ತೀರ್ಥ ತೆಗೆದುಕೊಂಡು, ಬಿಸಿ ಹಾಲು ಕುಡಿದು, ಬಾಯಿ ಒರೆಸಿಕೊಳ್ಳುತ್ತಾರೆ. ಎಡಗೈ ಇನ್ನೂ ಹುಲಿಗೆಮ್ಮನ ಕೈಯಲ್ಲೇ ಇದೆ. ಪೂಜೆಯಾದ ಮೇಲೆ ಆ ಬೆರಳುಗಳನ್ನು ಒಂದೊಂದಾಗಿ ನೀವಿ ಬಿಡಿಸುವುದು ದಿನದ ಪದ್ಧತಿ. ಈಗ ಹೇಳಬೇಕು ಎಂದುಕೊಳ್ಳುತ್ತಾರೆ ಹುಲಿಗೆಮ್ಮ. ಕಿರುಬೆರಳು ಮುಗಿಯಲಿ. ಉಂಗುರದ ಬೆರಳೂ ಮುಗಿಯಲಿ.

ಅಷ್ಟರಲ್ಲಿ ಗುರುಶಾಂತಮ್ಮ ಸೊಸೆಗೆ ಕಣ್ಸನ್ನೆ ಮಾಡುತ್ತಾರೆ. ವಾಣಿ ಒಳಗಿನ ಬೀರುವಿನಿಂದ ಒಂದು ಸೀರೆ ತಂದು ಹುಲಿಗೆಮ್ಮನ ತೊಡೆಯ ಮೇಲಿಡುತ್ತಾರೆ. ಇಳಕಲ್ ಸೀರೆ, ಮಡಿಕೆ ಮುರಿದಿಲ್ಲ, ಕೆಂಪು ಸೆರಗು.

"ಅಮಾಸಿ ಹತ್ರ ಬಂತು" ಎನ್ನುತ್ತಾರೆ ಗುರುಶಾಂತಮ್ಮ. "ಈ ಸಲ ನಿಮ್ಮವ್ವನ ಎಡೆ ಮುಂದೆ ಇದನ್ನಿಡು, ಹುಲಿಗಿ. ಮಗಳ ಕೈಯಿಂದ ಈ ಮನಿಗೆ ಇಷ್ಟು ಆಗೈತೆ. ಆ ತಾಯಿಗೊಂದು ಸೀರೆ ಬ್ಯಾಡೇನು?"

ಅತ್ತೆ ವಾರದಿಂದ ಯಾವ ಬಣ್ಣ ಎಂದು ಹುಡುಕಿಸಿ ಆರಿಸಿದ್ದು, ಬೇಡ ಎನ್ನಬಾರದು ಎಂದು ವಾಣಿ ಸೇರಿಸುತ್ತಾರೆ.

ಹುಲಿಗೆಮ್ಮನ ಹೆಬ್ಬೆರಳು ಸೀರೆಯ ಅಂಚಿನ ಮೇಲೆ ನಿಲ್ಲುತ್ತದೆ. ಹೋಳಿಗೆಯಾದರೆ ತಿಂದು ಮುಗಿಯುತ್ತದೆ. ಹಿರಿಯರಿಗೆಂದು ತೆಗೆದಿಟ್ಟ ಹೊಸ ಸೀರೆಯನ್ನು ಉಸಿರಾಡುವ ತಾಯಿಗೆ ಉಡಿಸುವುದು ಹೇಗೆ? ಉಡಿಸದೆ, ಅವಳ ಕಣ್ಣೆದುರಿಗೇ ಗೋಡೆಯ ಬುಡದಲ್ಲಿಟ್ಟು ಊದಿನಕಡ್ಡಿ ಬೆಳಗುವುದು ಹೇಗೆ? ಬಸ್ಸಿನಲ್ಲಿ ಜೋಡಿಸಿದ ಮಾತುಗಳಲ್ಲಿ ಒಂದೂ ನೆನಪಿಗೆ ಬರುವುದಿಲ್ಲ. ರಜೆಯ ಮಾತು, ಜ್ವರದ ನೆಪ, ಮಗಳ ಊರಿನ ನೆಪ, ಎಲ್ಲವೂ ಎಲ್ಲೋ ಹೋಗಿವೆ. ಹೊರಗೆ ಹಾಲಿನವನ ಗಾಡಿ ಬಂದು ನಿಂತು ಹೋಗುತ್ತದೆ. ಬಣ್ಣ ಹಿಡಿಸಲಿಲ್ಲವೇನು ಎಂದು ಗುರುಶಾಂತಮ್ಮ ಕೇಳುತ್ತಾರೆ.

ಹುಲಿಗೆಮ್ಮ ಸೀರೆಯನ್ನು ಎತ್ತಿ ಹಾಸಿಗೆಯ ಮೇಲಿಡುತ್ತಾರೆ. ಅಜ್ಜಿಯ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅಡುಗೆಮನೆಯವರೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಾರೆ:

"ನಮ್ಮವ್ವ ಅದಾಳ್ರೀ ಅಮ್ಮಾರೆ. ನಾಳೆ ಮುಂಜಾನೆ ನನ್ನ ಕಾಯ್ತಾ ಕುಂತಿರ್ತಾಳೆ."