ಎಂಟನೆಯ ನಕಲು

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಅವಳಿಗೆ ಜಿಗಣೆ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಇಟ್ಟ ಹೆಸರು ಮಾತ್ರ ಸರಿಯಾಗಿತ್ತು. ಹಿಡಿದರೆ ಬಿಡುವ ಪೈಕಿಯಲ್ಲ. ಎಂಟು ವರ್ಷ ಇದೇ ಆಸ್ಪತ್ರೆಯ ಕೌಂಟರಿನಲ್ಲಿ ಕೂತು ರೋಗಿಗಳ ಹೆಸರು, ವಯಸ್ಸು ಟೈಪ್ ಮಾಡಿದವಳು, ಮೂವತ್ತು ದಾಟಿದ ಮೇಲೆ ಸಂಜೆ ತರಗತಿಗೆ ಸೇರಿ ಪ್ರೋಗ್ರಾಮಿಂಗ್ ಕಲಿತಳು. "ಈ ವಯಸ್ಸಲ್ಲಿ ಯಾಕಮ್ಮಾ ಇದೆಲ್ಲ?" ಎಂದು ಮೂಗು ಮುರಿದವರೇ ಈಗ ಪ್ರಿಂಟರ್ ಕೆಟ್ಟರೂ ಅವಳನ್ನು ಹುಡುಕಿಕೊಂಡು ಬರುತ್ತಾರೆ. ಪ್ರಿಂಟರಿಗೂ ಪ್ರೋಗ್ರಾಮಿಗೂ ಸಂಬಂಧವಿಲ್ಲ ಎಂದು ಹೇಳಿ ಹೇಳಿ ಅವಳಿಗೆ ಸಾಕಾಗಿದೆ.

ಆ ವರ್ಷ ಎಳೆಗೂಸುಗಳ ವಾರ್ಡಿಗೂ ಕಂಪ್ಯೂಟರ್ ಬರಬೇಕಿತ್ತು. ಅಲ್ಲಿ ಅವಳ ಸ್ವಂತ ಅಕ್ಕ ನರ್ಸು. ಒಂದೊಂದು ಮಗುವಿನ ತೂಕ ನೋಡಿ ಔಷಧದ ಡೋಸನ್ನು ಅಕ್ಕ ಕಾಗದದ ಮೇಲೆ ಪೆನ್ನಿನಲ್ಲೇ ಲೆಕ್ಕ ಹಾಕುತ್ತಿದ್ದಳು, ಹದಿನಾರು ಮಕ್ಕಳಿಗೆ, ದಿನಕ್ಕೆ ನಾಲ್ಕು ಸಲ. ಒಂದು ಚುಕ್ಕೆ ಆಚೀಚೆಯಾದರೆ ಕೂಸಿನ ಜೀವಕ್ಕೇ ಕುತ್ತು.

ಲೆಕ್ಕ ಹಾಕುವ ಕಾಂಪೊನೆಂಟ್, ಅಂದರೆ ಪ್ರೋಗ್ರಾಮಿನ ಆ ಭಾಗ, ಆಗಲೇ ಇತ್ತು. ವಿಭಾಗದ ಮುಖ್ಯಸ್ಥರು ಹದಿನೈದು ವರ್ಷದ ಹಿಂದೆ ದೊಡ್ಡವರ ವಾರ್ಡಿಗೆಂದು ಬರೆದದ್ದು. ಗಟ್ಟಿ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರಲ್ಲಿನ ಒಂದು ಸಾಲು ಗ್ರಾಂಗಳನ್ನು ಬಿಟ್ಟು ತೂಕವನ್ನು ಬರೀ ಕಿಲೋದಲ್ಲಿ ತೆಗೆದುಕೊಳ್ಳುತ್ತಿತ್ತು. ಅರವತ್ತು ಕಿಲೋದ ಮನುಷ್ಯನಿಗೆ ನಾಲ್ಕುನೂರು ಗ್ರಾಂ ಯಾವ ಲೆಕ್ಕ? ಒಂದು ಕಿಲೋ ನಾಲ್ಕುನೂರು ಗ್ರಾಂ ತೂಗುವ ಕೂಸಿಗೆ ಅದು ಮೈಯ ಕಾಲುಭಾಗಕ್ಕಿಂತ ಹೆಚ್ಚು.

"ಕಾಪಿ ಮಾಡ್ಕೊ, ಆ ಒಂದು ಸಾಲು ಬದಲಾಯ್ಸು, ಮುಗೀತು," ಎಂದರು ಮುಖ್ಯಸ್ಥರು. "ಮೂಲಕ್ಕೆ ಮಾತ್ರ ಕೈ ಹಾಕ್ಬೇಡ. ಓಡ್ತಿರೋದನ್ನ ಯಾಕೆ ಮುಟ್ಬೇಕು?"

ಹಾಗೆ ಮಾಡಿ ಮಾಡಿಯೇ ಆಗಲೇ ಏಳು ವಾರ್ಡಿಗೆ ಏಳು ನಕಲುಗಳಾಗಿದ್ದವು. ಹಿಂದಿನ ವರ್ಷ ಒಂದು ಔಷಧದ ಮಿತಿ ಇಳಿಸಿದಾಗ ಆರರಲ್ಲಿ ತಿದ್ದಿ ಏಳನೆಯದನ್ನು ಮರೆತಿದ್ದರು. ಔಷಧ ಕೊಡುವವರ ಕಣ್ಣಿಗೆ ಬಿದ್ದದ್ದರಿಂದ ಬಚಾವು.

"ಎಂಟನೇ ನಕಲು ನನ್ನ ಕೈಯಿಂದ ಹುಟ್ಟಲ್ಲ ಸರ್," ಎಂದಳು ಜಿಗಣೆ.

ಮೂಲವನ್ನು ಮುಟ್ಟದೆ ಅದರ ಮೇಲೊಂದು ಹೊದಿಕೆ ಬರೆದಳು. ಗ್ರಾಂಗಳನ್ನೇ ಕಿಲೋ ಎಂದು ಸುಳ್ಳು ಹೇಳಿ ಒಳಗೆ ಕಳಿಸುವುದು, ಬಂದ ಉತ್ತರವನ್ನು ಸಾವಿರದಿಂದ ಭಾಗಿಸುವುದು. ತನ್ನ ಜಾಣತನಕ್ಕೆ ತಾನೇ ಬೀಗಿ, ಅಕ್ಕನನ್ನು ಕರೆಸಿ ಮೂರು ಮಕ್ಕಳ ತೂಕ ಹಾಕಿಸಿದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಎಂದರೆ ಇದೇ.

ಅಕ್ಕ ತನ್ನ ಕಾಗದ ನೋಡಿದಳು, ಪರದೆ ನೋಡಿದಳು. "ಲೇ, ಮೂರು ಮಕ್ಕಳಿಗೂ ಒಂದೇ ಡೋಸಾ? ಒಂದು ಒಂದೂವರೆ ಕಿಲೋನೂ ಇಲ್ಲ, ಇನ್ನೊಂದು ಮೂರು ಕಿಲೋ ಇದೆ!"

ನೂರೈವತ್ತು ಕಿಲೋ ಮೀರಿದ ತೂಕ ಬಂದರೆ ಅದನ್ನು ನೂರೈವತ್ತಕ್ಕೇ ತಡೆದು ನಿಲ್ಲಿಸುವ ಕಾವಲೊಂದು ಮೂಲದೊಳಗಿತ್ತು. ಇವಳು ಕಳಿಸಿದ ಸಾವಿರದ ನಾಲ್ಕುನೂರು, ಮೂರು ಸಾವಿರ ಎಲ್ಲವೂ ಅಲ್ಲಿ ನೂರೈವತ್ತಾಗಿ ಕೂತಿದ್ದವು. ಇನ್ನೂ ಪರೀಕ್ಷೆಯ ಹಂತ, ಯಾವ ಕೂಸಿಗೂ ಏನೂ ಆಗಿರಲಿಲ್ಲ. ಆದರೂ ಅವತ್ತು ಅವಳಿಗೆ ಊಟ ಸೇರಲಿಲ್ಲ.

ಇನ್ನು ಉಳಿದದ್ದು ಒಂದೇ ದಾರಿ. ಮೂಲದೊಳಗಿನ ಆ ಒಂದು ಸಾಲನ್ನು ಬೇರೆ ಮೆಥಡ್ ಮಾಡಿ, ಅಂದರೆ ಬೇಕಾದಾಗ ಬದಲಿಸಬಹುದಾದ ಪ್ರತ್ಯೇಕ ತುಂಡಾಗಿ ಇಟ್ಟರೆ, ಆ ಮೂಲಕ್ಕೊಂದು ಮಗಳನ್ನು ಹುಟ್ಟಿಸಬಹುದು. ಕಾವಲು, ಮಿತಿ ಎಲ್ಲ ತಾಯಿಯದೇ, ತೂಕ ನೋಡುವ ರೀತಿಯೊಂದು ಮಾತ್ರ ಮಗಳದು. ಮುಖ್ಯಸ್ಥರು ತಲೆ ಅಲ್ಲಾಡಿಸಿಬಿಟ್ಟರು. "ದೊಡ್ಡವರ ವಾರ್ಡಲ್ಲಿ ಏನಾದ್ರೂ ಏರುಪೇರಾದ್ರೆ?"

"ಆಗಲ್ಲ ಅಂತ ತೋರಿಸ್ತೀನಿ ಸರ್."

ಬೇರೆ ಯಂತ್ರದಲ್ಲಿ ಬದಲಾವಣೆ ಮಾಡಿ, ದೊಡ್ಡವರ ವಾರ್ಡಿನ ಎರಡು ವರ್ಷದ ನಲವತ್ತು ಸಾವಿರ ಲೆಕ್ಕಗಳನ್ನು ಹಳೆಯದರಲ್ಲೂ ಹೊಸದರಲ್ಲೂ ಓಡಿಸಿ ತಾಳೆ ನೋಡಿದಳು. ಒಂಬತ್ತು ದಿನ ಹಿಡಿಯಿತು. ಹತ್ತನೆಯ ದಿನ ಬೆಳಗ್ಗೆ ಮುಖ್ಯಸ್ಥರ ಮೇಜಿನ ಮುಂದೆ ಹೋಗಿ ನಿಂತಳು. "ಒಂದೂ ವ್ಯತ್ಯಾಸ ಇಲ್ಲ."

ಅವರು ಎದ್ದು ಬಂದು ಅವಳ ಕುರ್ಚಿಯಲ್ಲಿ ಕೂತು ಮೂಲವನ್ನು ತೆರೆದರು. ಆ ಸಾಲಿನ ಪಕ್ಕದಲ್ಲಿ ಅವರೇ ಎಂದೋ ಬರೆದಿಟ್ಟ ಟಿಪ್ಪಣಿ ಇತ್ತು: ಮಕ್ಕಳಿಗೆ ಇದು ಸಾಲದು, ಆಮೇಲೆ ನೋಡೋಣ. ಆ 'ಆಮೇಲೆ'ಗೆ ಹದಿನೈದು ವರ್ಷ ತುಂಬಿತ್ತು.

"ಇದನ್ನ ನೋಡಿದ್ಯಾ?"

"ಮೊದಲನೇ ದಿನಾನೇ ನೋಡಿದ್ದೆ."

"ಮತ್ತೆ ಯಾರಿಗೂ ಹೇಳ್ಲಿಲ್ವಲ್ಲ?"

"ನಂಗೆ ಬೇಕಿದ್ದಿದ್ದು ಆ ಸಾಲು ಸರ್. ನೀವು ತಲೆ ತಗ್ಗಿಸೋದಲ್ಲ."

ಅವರು ಸಾಲನ್ನು ತಮ್ಮ ಕೈಯಾರೆ ಬೇರ್ಪಡಿಸಿ, ಟಿಪ್ಪಣಿಯನ್ನು ಅಳಿಸಿದರು.

ಮಧ್ಯಾಹ್ನ ಅಕ್ಕ ಅದೇ ಮೂರು ತೂಕ ಹಾಕಿದಳು. ಮೂರು ಬೇರೆ ಬೇರೆ ಡೋಸು, ಕಾಗದದ ಲೆಕ್ಕಕ್ಕೆ ಚುಕ್ಕೆ ಸಹಿತ ಸರಿಯಾಗಿ. "ಇನ್ಮೇಲೆ ಪೆನ್ನು ಮೂಲೆಗೆ ಬಿಸಾಕಿ ಸಿಸ್ಟರ್," ಎಂದು ಯಾರೋ ನಕ್ಕರು.

"ಬಿಸಾಕಲ್ಲ," ಎಂದಳು ಅಕ್ಕ. "ತಪ್ಪಾದ್ರೆ ನನ್ನ ಮಕ್ಕಳು ಬಾಯಿಬಿಟ್ಟು ಹೇಳಲ್ಲ."

ಜಿಗಣೆಗೆ ಸಿಟ್ಟು ಬರಲಿಲ್ಲ, ಹೆಮ್ಮೆಯಾಯಿತು. "ಬಿಸಾಕ್ಬೇಡ ಅಕ್ಕ. ನನ್ನ ಜಾಣತನ ಸಿಕ್ಕಿಬಿದ್ದಿದ್ದೇ ನಿನ್ನ ಪೆನ್ನಿಂದ," ಎಂದು ಆ ಕಾಗದ ಇಸಿದುಕೊಂಡಳು.

ಅದರಲ್ಲಿದ್ದ ಲೆಕ್ಕಗಳನ್ನೆಲ್ಲ ಪ್ರೋಗ್ರಾಮಿನ ಪರೀಕ್ಷೆಗೆ ಸೇರಿಸಿದಳು. ಏಳು ನಕಲುಗಳೂ ಒಂದೊಂದಾಗಿ ಮೂಲದ ಮಗಳಾಗುತ್ತಿವೆ, ಈಗ ಉಳಿದಿರುವುದು ಎರಡು, ಅವೂ ಹೆಚ್ಚು ದಿನ ಇರುವುದಿಲ್ಲ. ಆ ಕಾಂಪೊನೆಂಟಿಗೆ ಯಾರೇ ಕೈ ಹಾಕಲಿ, ಮುಖ್ಯಸ್ಥರೋ ಅವಳೋ, ಮೊದಲು ಅಕ್ಕನ ಕಾಗದಕ್ಕೆ ಉತ್ತರ ತಾಳೆಯಾಗಬೇಕು. ಇಲ್ಲದಿದ್ದರೆ ಅದು ವಾರ್ಡಿನ ಬಾಗಿಲು ದಾಟುವುದಿಲ್ಲ.