ನಡೀನ್ ಹೇಳಿದ ಕಟ್

ನಡೀನ್ ಕ್ರಾವ್ಚಿಕ್ ಹದಿನೇಳು ವರ್ಷ ನಟಿಯಾಗಿದ್ದಳು ಅಂದರೆ ಯಾರೂ ನಂಬುವುದಿಲ್ಲ. ಟಿವಿ ಧಾರಾವಾಹಿಗಳಲ್ಲಿ ನರ್ಸ್, ಕೊಲೆಯಾದವನ ನೆರೆಮನೆಯವಳು, ಒಮ್ಮೆ ಹೆಣ. ಹೆಣವಾದಾಗ ಮಾತ್ರ ಕ್ಯಾಮೆರಾ ತನ್ನ ಮುಖದ ಮೇಲೆ ನೆಟ್ಟಗೆ ನಿಂತಿತ್ತು ಎಂದು ಅವಳೇ ನಗುತ್ತಿದ್ದಳು. ನಲವತ್ತರ ಹತ್ತಿರ ಅವೂ ನಿಂತವು. ಲಾಸ್ ಏಂಜಲೀಸ್‌ನ ಹೋಟೆಲಿನಲ್ಲಿ ತಟ್ಟೆ ಹೊರುತ್ತಲೇ ಸ್ವಂತ ಸಿನಿಮಾ ಬರೆದಳು. ತಾನು ಹುಟ್ಟಿದ ನಮ್ಮೂರು ಟೊಲೀಡೊಗೆ ಮರಳಿ ಬಂದು ಧ್ವನಿಮುದ್ರಣಕ್ಕೆ ನನ್ನನ್ನು ಹಿಡಿದಳು. ನಾನು ಮದುವೆಯ ವಾದ್ಯದವರಿಗೆ ಮೈಕು ಕಟ್ಟುತ್ತಿದ್ದವನು. ಇಡೀ ತಂಡ ನಾಲ್ಕೇ ಜನ. ಮೂಗಿಗಿಂತ ಮೂಗುತಿ ಭಾರ ಅಂದುಕೊಂಡೇ ಒಪ್ಪಿದೆ.

ಕಥೆ ಅವಳದೇ. ಹತ್ತೊಂಬತ್ತರಲ್ಲಿ ಅವಳು ಮನೆ ಬಿಟ್ಟ ದಿನ ತಾಯಿ ಬರ್ನಿಸ್ ಬಸ್ ನಿಲ್ದಾಣಕ್ಕೆ ಬಂದಿರಲಿಲ್ಲ. ಯಾಕೆ ಎಂದು ಇಪ್ಪತ್ತಮೂರು ವರ್ಷ ಇವಳು ಕೇಳಲಿಲ್ಲ, ಅವರೂ ಹೇಳಲಿಲ್ಲ. ಎದುರು ನಿಂತು ಕೇಳಲು ಬಾಯಿ ಬಾರದವಳು ಅದನ್ನೇ ದೃಶ್ಯವಾಗಿ ಬರೆದು, ಮಗಳ ಪಾತ್ರ ತಾನೇ ವಹಿಸಿ, ತಾಯಿಯ ಪಾತ್ರಕ್ಕೆ ತಾಯಿಯನ್ನೇ ಕೂರಿಸಿದಳು. ಉತ್ತರವನ್ನೂ ತಾನೇ ಬರೆದಿದ್ದಳು: 'ನೀನು ತಿರುಗಿ ಬರ್ತೀಯ ಅಂದ್ಕೊಂಡಿದ್ದೆ.'

ಚಿತ್ರೀಕರಣ ಅವರ ಅಡುಗೆಮನೆಯಲ್ಲೇ. ಬರ್ನಿಸ್ ನಮಗೆಲ್ಲ ಆಲೂಗಡ್ಡೆ ತುಂಬಿದ ಪಿಯೆರೋಗಿ ಕಡುಬು ಬೇಯಿಸಿ ಬಡಿಸಿದರು. ಆಮೇಲೆ ತುಟಿಗೆ ಬಣ್ಣ ಹಚ್ಚಿಕೊಂಡು ಕ್ಯಾಮೆರಾ ಮುಂದೆ ಕೂತರು. ಮೂರು ಸಲ ಬರೆದದ್ದನ್ನೇ ಶಾಲೆಯ ಮಗುವಿನಂತೆ ಒಪ್ಪಿಸಿದರು. ನಾಲ್ಕನೆಯ ಸಲ ನಡೀನ್ "ಯಾಕಮ್ಮಾ ಬರ್ಲಿಲ್ಲ?" ಎಂದಾಗ ಬರೆದದ್ದನ್ನು ಬಿಟ್ಟು ಮಗಳನ್ನೇ ನೋಡಿದರು.

"ಬಂದಿದ್ದೆ ಕಣೇ," ಎಂದರು. "ರಸ್ತೆ ಆಚೆ ಕಡೆ ನಿಂತು..."

"ಕಟ್," ಎಂದಳು ನಡೀನ್. "ಅಮ್ಮಾ, ಬರೆದಿರೋದಷ್ಟೇ ಹೇಳು. ಬೆಳಕು ಹೋಗ್ತಿದೆ."

ನಿರ್ದೇಶಕಿಗೆ ಸಾಲು ತಪ್ಪಿದ್ದಷ್ಟೇ ಕೇಳಿಸಿತ್ತು. ಬರ್ನಿಸ್ ಐದನೆಯ ಸಲ ಅಕ್ಷರ ತಪ್ಪದೆ ಹೇಳಿದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ, ನನ್ನ ಕೈಗಿಷ್ಟು ಬೆಂಕಿ ಬೀಳ.

ಎಡಿಟಿಂಗ್ ಶುರುವಾಗುವ ಮೊದಲೇ ಬರ್ನಿಸ್ ತೀರಿಕೊಂಡರು. ಚಿತ್ರಕ್ಕೆ ಧ್ವನಿ ಜೋಡಿಸಲು ನಾವಿಬ್ಬರೂ ಕೂತಾಗ ಆ ನಾಲ್ಕನೆಯ ಟೇಕು ಬಂತು. ನಡೀನ್ ಅದನ್ನು ಮಗಳಾಗಿ ಕೇಳಿದ್ದು ಆಗಲೇ ಮೊದಲ ಸಲ. ಟೇಪು ಇನ್ನೂ ಮುಂದಿದೆಯಾ ಎಂದು ಕೇಳಿದಳು. ಇತ್ತು. ಕಟ್ ಅಂದ ಮೇಲೂ ಸ್ವಲ್ಪ ಹೊತ್ತು ಟೇಪು ಓಡಿಸುವುದು ಧ್ವನಿಯವರ ಪದ್ಧತಿ. ನನಗೆ ಕಲಿಸಿದವಳೂ ಅವಳೇ. ಹಾಕಿದೆ. ಕುರ್ಚಿ ಸರಿದ ಸದ್ದಿನ ನಡುವೆ ಬರ್ನಿಸ್ ಮೆಲ್ಲಗೆ ಹೇಳಿದ್ದರು:

"ನಿಂಗೆ ಹೇಗೆ ಬೇಕೋ ಹಾಗೇ ಹೇಳ್ತೀನಿ, ಮಗಳೇ. ಮತ್ತೆ ಕೇಳು."

ನಡೀನ್ ಯಂತ್ರ ನಿಲ್ಲಿಸಿದಳು. ಸಿನಿಮಾ ಅಲ್ಲಿಗೇ ನಿಂತಿತು. ಆಮೇಲೆ ಅವಳು ಇನ್ನೊಂದು ಮಾಡಲಿಲ್ಲ.