ಬಿಸಿಲಿಗೆ ಅಂಟಿಸಿದ ಮುಖ

ಶಶಿಧರ ತೀರಿಕೊಂಡ ಮೂರನೇ ವಾರ, ಯಾವಾಗಲೂ ಅವನೇ ಎಳೆಯುತ್ತಿದ್ದ ಕಸದ ಡಬ್ಬಿ ಎಳೆದುಕೊಂಡು ಮನೆಯ ಪಕ್ಕಕ್ಕೆ ಬಂದ ಶಿವಾನಿಗೆ ಗರಾಜಿನ ಕಿಟಕಿಯೊಳಗಿಂದ ಗಂಡ ನೋಡುತ್ತಿರುವುದು ಕಂಡಿತು. ನಾಲ್ಕು ಕಪ್ಪು-ಬಿಳುಪು ಫೋಟೋ. ನಾಲ್ಕೂ ಅವನವೇ. ಮುಖ ಬಿಸಿಲಿಗೆ ಮಾಡಿ ಗಾಜಿಗೆ ಅಂಟಿಸಿತ್ತು, ಪ್ರತಿಯೊಂದರ ಅರ್ಧಕ್ಕೆ ಅಡುಗೆಮನೆಯ ಫಾಯಿಲು ಸುತ್ತಿತ್ತು. ಎರಡು ಮುಖ ಹಸಿರಿಗೆ ತಿರುಗಿದ್ದವು, ಎರಡು ಹಾಗೇ ಇದ್ದವು.

ಒಳಗೆ ಹೋಗಿ ಹಿಂಬದಿ ನೋಡಿದಳು. ಅವನದೇ ಅಕ್ಷರ: ಹೋದ ವರ್ಷದ ಏಪ್ರಿಲ್.

ಏಪ್ರಿಲಿನಲ್ಲೇ ಅವನು ಚೆಕಪ್ಪಿಗೆ ಹೋಗಿದ್ದು. ‘ಎಲ್ಲಾ ನಾರ್ಮಲ್ ಅದ, ಚಾ ಮಾಡು’ ಎಂದಿದ್ದ. ಈ ಫೆಬ್ರವರಿಯಲ್ಲಿ ಆಫೀಸಿನ ಪಾರ್ಕಿಂಗಿನಲ್ಲಿ ಎದೆ ಹಿಡಿದುಕೊಂಡು ಕುಸಿದ.

ಹಾಗಾದರೆ ಸಾಯುವುದು ಗೊತ್ತಿತ್ತೇ ಇವನಿಗೆ, ಹಾರ ಹಾಕುವ ತನ್ನ ಫೋಟೋ ತಾನೇ ಸಿದ್ಧ ಮಾಡಿಕೊಂಡನೇ? ಗೊತ್ತಿದ್ದೂ ಬಾಯಿ ಬಿಡಲಿಲ್ಲವೇ?

ಶಶಿಧರ ಯಾವುದನ್ನೂ ಸುಲಭಕ್ಕೆ ನಂಬಿದವನಲ್ಲ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ಔಷಧಿಗಳನ್ನು ಬಿಸಿ ಪೆಟ್ಟಿಗೆಯಲ್ಲಿಟ್ಟು ಎಷ್ಟು ಬೇಗ ಕೆಡುತ್ತವೆ ಎಂದು ನೋಡುವುದೇ ಅವನ ಕೆಲಸ. ಮನೆಯಲ್ಲೂ ಮೊಸರಿನ ಡಬ್ಬಿಯ ತಾರೀಖು ಓದಿ, ಮೂಸಿ, ಮತ್ತೆ ಓದುತ್ತಿದ್ದ. ಅವರ ಊರು ಡಬ್ಲಿನ್ನಿನ ಸುತ್ತಮುತ್ತ ಕನ್ನಡದವರ ಮನೆಯಲ್ಲಿ ಸತ್ತವರಿಗೆ ಹಾರ ಹಾಕುವ ಫೋಟೋ ಬೇಕಾದರೆ ಪ್ರಿಂಟು ಇವನದೇ. ಇಂಕಿನ ಪೆಟ್ಟಿಗೆಯ ಮೇಲೆ ಇನ್ನೂರು ವರ್ಷ ಬಾಳುತ್ತದೆ ಎಂದು ಬರೆದಿದ್ದರೆ, ‘ಇನ್ನೂರು ವರ್ಷ ಕೂತು ನೋಡಿದಾಂವ ಯಾರಪಾ?’ ಎಂದು ನಗುವನು. ಬಣ್ಣಗಳನ್ನು ಬೆರೆಸಿ ಮಾಡಿದ ಕಪ್ಪಿನಲ್ಲಿ ಯಾವುದೋ ಒಂದು ಬಣ್ಣ ಮೊದಲು ಹಾರಿಹೋಗುತ್ತದೆ, ಬರೀ ಇಂಗಾಲದಿಂದ ಮಾಡಿದ ಕಪ್ಪಾದರೆ ನಿಲ್ಲುತ್ತದೆ ಎಂದು ಎಲ್ಲರೂ ಹೇಳಿದರೂ ಅವನು ಅರ್ಧ ಮುಚ್ಚಿ, ಅರ್ಧ ಬಿಸಿಲಿಗೆ ಹಾಕಿ ನೋಡಿಯೇ ಒಪ್ಪಬೇಕು.

“ಇಟ್ಸ್ ಜಸ್ಟ್ ಎ ಟೆಸ್ಟ್, ಅಮ್ಮಾ,” ಎಂದಳು ಬಾಗಿಲಿಗೆ ಬಂದ ಮಗಳು ಲಾಸ್ಯಾ.

“ಟೆಸ್ಟಿಗೆ ತನ್ನ ಮಾರಿನ ಯಾಕ ಬೇಕಿತ್ತು? ನಿನ್ನ ಬೆಕ್ಕಿಂದು ಇರಲಿಲ್ಲೇನು?”

ಕಿಟಕಿಯ ಕೆಳಗಿನ ಪ್ರಿಂಟಿನ ಪೇಪರ್ ಡಬ್ಬಿಯಲ್ಲಿ ಅರ್ಧ ಫಾಯಿಲು ಸುತ್ತಿದ ಇನ್ನೊಂದು ಫೋಟೋ ಸಿಕ್ಕಿತು. ಮೂಗುತಿಯ ಮುದುಕಿ, ಡ್ಯಾನ್‌ವಿಲ್ಲಿನ ಗೆಳತಿ ಸೌದಾಮಿನಿಯ ತೀರಿಹೋದ ತಾಯಿ. ಅಂಚಿನ ಟೇಪನ್ನು ಯಾರೋ ಸಿಟ್ಟಿನಿಂದ ಕಿತ್ತಂತಿತ್ತು. ಹದಿಮೂರನೇ ದಿನಕ್ಕೂ ಸೌದಾಮಿನಿ ಬಂದಿರಲಿಲ್ಲ ಎಂಬುದು ಶಿವಾನಿಗೆ ಆಗ ನೆನಪಾಯಿತು. ಫೋನು ಹಚ್ಚಿದಳು.

“ನಿಮ್ಮವ್ವನ ಫೋಟೋ ನಮ್ಮ ಗರಾಜಿನ್ಯಾಗ ಯಾಕದ?”

“ಅವರು ಹೇಳಲಿಲ್ವಾ ನಿಂಗೆ?”

“ಏನ ಹೇಳಲಿಲ್ಲ?”

“ಕಳೆದ ಏಪ್ರಿಲಲ್ಲಿ ಅಮ್ಮನ ಫೋಟೋ ತಗೊಂಡು ಹೋಗ್ಲಿಕ್ಕೆ ಬಂದಿದ್ದೆ. ನೋಡಿದ್ರೆ ಅಮ್ಮನ ಇನ್ನೊಂದು ಫೋಟೋ ಕಿಟಕಿಯಲ್ಲಿ ಬಿಸಿಲಿಗುಂಟು! ನಾನೇ ಕಿತ್ತು ತೆಗೆದೆ. ಸತ್ತ ಮೇಲೂ ಸುಡ್ತೀರಾ ಮಾರಾಯ್ರೆ, ಅಷ್ಟು ಚಟ ಇದ್ರೆ ನಿಮ್ಮ ಮುಖವನ್ನೇ ಹಾಕಿ ಅಂತ ಬೈದೆ. ಅವರು ನಗಾಡಿದ್ರು. ‘ಹೌದ್ರೀ, ಅದಕ್ಕ ಯಾರ ಪರ್ಮಿಷನ್ನೂ ಬ್ಯಾಡ’ ಅಂದ್ರು.”

ಶಿವಾನಿ ಅಷ್ಟಕ್ಕೇ ನಂಬಲಿಲ್ಲ. “ಹಿಂಗ ಹೇಳು ಅಂತ ಅವರ ನಿನಗ ಕಲಿಸಿ ಹೋಗ್ಯಾರೇನು?”

“ಎಂಥ ಕಲಿಸೋದು! ನನ್ನ ಬಾಯಿಯೇ ತಾಗಿತು ಶಿವಾನಿ. ಯಾವ ಮುಖ ಇಟ್ಕೊಂಡು ನಿಮ್ಮಲ್ಲಿಗೆ ಬರ್ಲಿ?” ಎನ್ನುತ್ತ ಸೌದಾಮಿನಿ ಬಿಕ್ಕಿ ಬಿಕ್ಕಿ ಅತ್ತಳು. ಯಾರೋ ಕಲಿಸಿಕೊಟ್ಟು ಬರುವ ಅಳು ಅದಲ್ಲ.

“ಏ ಹುಚ್ಚಿ,” ಎಂದಳು ಶಿವಾನಿ. “ರಕ್ತನಾಳ ಕಟ್ಟಿತ್ತು. ನಿನ್ನ ಬಾಯಿಂದ ಕಟ್ಟತದೇನು? ಚೆಕಪ್ ಮಾಡಿದ ಡಾಕ್ಟರಿಗೇ ಗೊತ್ತಾಗಲಿಲ್ಲ. ಅವರಿಗೂ ಗೊತ್ತಿರಲಿಲ್ಲ.”

ಬಾಗಿಲಲ್ಲಿದ್ದ ಲಾಸ್ಯಾ ತಲೆಯೆತ್ತಿದಳು. ಶಿವಾನಿ ಅವಳನ್ನೇ ನೋಡುತ್ತ ಇನ್ನೊಮ್ಮೆ ಹೇಳಿದಳು, “ಗೊತ್ತಿರಲಿಲ್ಲ ಅವರಿಗೆ.”

“ನಾನೀಗ ಬರ್ಲಾ?” ಎಂದಳು ಸೌದಾಮಿನಿ.

“ಬಾ. ಅಳಕೋತ ಫ್ರೀವೇ ಹತ್ತಬ್ಯಾಡ ಮತ್ತ. ಮಾರಿ ತೊಳಕೊಂಡು ಬಾ.”